ರಾಗಿಕಲ್ಲಿನ ಸದ್ದು

ಸರಸ್ವತಿಪುರಂ, ಮೈಸೂರು

ತಂಗಿ ಸೋಮಮ್ಮನಿಗೆ ಅಣ್ಣನ ಆಶೀರ್ವಾದ.

ಅವ್ವ ಹಾಡಿದ ಕ್ಯಾಸೆಟ್ಟನ್ನು ಇಲ್ಲಿನ ಜಾನಪದ ಸಂಗ್ರಹದ ಕಚೇರಿಯಲ್ಲಿ ಕಂಪ್ಯೂಟರಿಗೆ ಇಳಿಸಿದರು. ಧರಣಿ ಎಂಬ ಹುಡುಗಿ ಹಳೆಯ ಹಾಡುಗಳನ್ನು ಶುದ್ಧ ಮಾಡಲೆಂದೇ ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯಲ್ಲಿ ನಡೆಯುವ ಪ್ರೋಗ್ರಾಮು ಬರೆದಿದ್ದಾಳೆ. ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಂತೆ. "ಗಲಾಟೆ ಎಲ್ಲಾ ತೆಗೆದ್ಬುಟ್ಟಿದೀನಿ ಸರ್, ಕೇಳಿ" ಎಂದಳು. ಕೇಳಿದೆ. ಬೀಸುವ ಪದವಿದೆ, ಬೀಸುವ ಕಲ್ಲೇ ಇಲ್ಲ!

ಎಂಬತ್ತೆರಡನೇ ಇಸವಿಯಲ್ಲಿ ರೆಕಾರ್ಡು ಮಾಡಲು ಬಂದ ಮೇಷ್ಟರೂ ಕಲ್ಲು ನಿಲ್ಲಿಸಿ ಎಂದಿದ್ದರು. ಅವ್ವ ಹಾಡನ್ನೂ ನಿಲ್ಲಿಸಿದಳು. ಸೋತು, ಕಲ್ಲಿನ ಸಮೇತ ರೆಕಾರ್ಡು ಮಾಡಿಕೊಂಡರು. ಅವರಿಂದ ಆಗದ್ದನ್ನು ನಲವತ್ತು ವರ್ಷಗಳ ಮೇಲೆ ವಿಜ್ಞಾನ ಸಾಧಿಸಿದೆ.

"ಅದು ಗಲಾಟೆಯಲ್ಲ ಕಣಮ್ಮ, ತಾಳ!" ಎಂದು ರೇಗಿದೆ.

"ಹಾಡೋರ ದನಿ ಬಿಟ್ಟು ಮಿಕ್ಕಿದ್ದೆಲ್ಲ ಗಲಾಟೆ ಅಂತ ಬರ್ದುಬುಟ್ಟಿದೀನಿ ಸರ್. ತಡೀರಿ" ಎಂದು ಅಲ್ಲೇ ಎರಡು ಸಾಲು ಅಳಿಸಿದಳು.

ಕಲ್ಲು ತಿರುಗಿತು. ಅದರ ಜೊತೆಗೆ ಇನ್ನೊಂದು ದನಿಯೂ ಬಂತು: "ಅವ್ವಾ, ಇನ್ನೊಂದು ಹಿಡಿ ಹಾಕ್ಲಾ?" ಅದು ಎಂಟು ವರ್ಷದ ನೀನು. ನಿನ್ನನ್ನು ಗಲಾಟೆ ಎಂದುಕೊಂಡದ್ದು ಮಾತ್ರ ಪ್ರೋಗ್ರಾಮಿನ ತಪ್ಪಲ್ಲ ಬಿಡು.

ಆ ಕಚೇರಿಯ ಮೂರು ಮಹಡಿ ಹತ್ತಿ ಮಂಡಿ ಊದಿದೆ, ಗಾಬರಿಯಾಗಬೇಡ. ಈ ಅಂಚೆ ಕಾರ್ಡಿನಲ್ಲಿ ಜಾಗ ಮುಗಿಯಿತು. ಮುಂದಿನ ಶನಿವಾರ ಅವ್ವನನ್ನೂ ನಿನ್ನನ್ನೂ ಪೆನ್‌ಡ್ರೈವಿಗೆ ತುಂಬಿಸಿ ಜೇಬಿನಲ್ಲಿಟ್ಟುಕೊಂಡು ಬರುತ್ತೇನೆ.

ಅಣ್ಣ