ಚಿಲಕ ಹಾಕಿಕೊಂಡ ಹಾಡು

ಜೂನ್ 9, ಬೆಳಿಗ್ಗೆ

ಒಳಗೆ ಹೋದರು. ಚಿಲಕ ಬಿತ್ತು — ಟಕ್. ಆ ಸದ್ದಿಗೆ ಇವರಿಗೆ ಪುಳಕ, ನನಗೆ ನಡುಕ.

ಕಾರಿಡಾರಿನಲ್ಲಿ ಇಸ್ತ್ರಿ ಬಟ್ಟೆಯ ಬುಟ್ಟಿ ಪಕ್ಕ ಕುರ್ಚಿ ಹಾಕಿಕೊಂಡಿದ್ದೇನೆ. ಬರೆಯುವುದು ನೆಪ, ಮಾಡುವುದು ಕಾವಲು. ಅಷ್ಟು ವರ್ಷ ಟೀಚರ್ಸ್ ಕಾಲೇಜಿನಲ್ಲಿ ಪಾಠ ಹೇಳಿದ್ದು ಕೊನೆಗೆ ಗಂಡನ ಬಚ್ಚಲು ಕಾಯುವುದಕ್ಕೆ.

ನೀರಿನ ಸದ್ದು. ಒಂದು ಕೆಮ್ಮು. ಸದ್ಯ... ಮದುವೆಯಾದಾಗಿನಿಂದ ಬೈದ ಕೆಮ್ಮನ್ನೇ ಈಗ ಕಿವಿಯಾಗಿ ಕಾಯುತ್ತೇನೆ.

ಮಗಳು ಫುವಟಿನೊ, ಕೆಲಸದ ಶಿಫ್ಟಿಗೆ ಹೊರಟಿದ್ದವಳು, ನನ್ನನ್ನು ನೋಡಿ ನಿಂತಳು.

"ಅಮ್ಮಾ, ಅಪ್ಪ ಸ್ನಾನಕ್ಕೆ ಹೋಗಿದಾರೆ, ಎಲೆಕ್ಷನ್‌ಗೆ ನಿಂತಿಲ್ಲ. ಓಟು ಎಣಿಸೋರ ಥರ ಕೂತಿದೀಯಲ್ಲ!"

"ಒಳಗೆ ಬಿದ್ರೆ?"

"ಮಾತ್ರೆ ತಗೋತಿದಾರಲ್ಲಮ್ಮ."

"ಮಾತ್ರೆಗೆ ಚಿಲಕ ತೆಗೆಯೋಕೆ ಬರುತ್ತಾ?"

ನಕ್ಕಳು. ಆದರೂ ಹೋಗುವ ಮುಂಚೆ ಆ ಬಾಗಿಲಿಗೆ ಒಮ್ಮೆ ಕಿವಿ ಇಟ್ಟೇ ಹೋದಳು.

ಜೂನ್ 11

ಸೂಪರ್‌ಮಾರ್ಕೆಟ್ಟಿಗೆ ಹೋಗಿದ್ದೆ. ಈ ನ್ಯೂಜಿಲೆಂಡಿನಲ್ಲಿ ಎಲ್ಲವೂ ತಿರುಗಾಮುರುಗಾ. ಸಮೋವಾದ ನಮ್ಮೂರಲ್ಲಿ ಮನೆ ಬಯಲು, ಅಂಗಡಿ ಪಂಜರ. ಮನೆಗೆ ಸುತ್ತ ಕಂಬ, ಗೋಡೆಯಿಲ್ಲ. ಮಳೆ ಬಂದರೆ ತೆಂಗಿನಗರಿಯ ಪರದೆ ಇಳಿಸಿದರಾಯಿತು. ಅಂಗಡಿಗೆ ಮಾತ್ರ ಕಬ್ಬಿಣದ ಜಾಲರಿ. ಅಂಗೈಯಗಲ ಕಿಂಡಿಯಲ್ಲಿ ಮೀನಿನ ಡಬ್ಬಿ ಈಚೆ ಬರಬೇಕು.

ಇವರ ಚಿಕಿತ್ಸೆಗೆಂದು ಮಗಳ ಮನೆಗೆ ಬಂದಿರುವ ಈ ಟೊಕೊರೋವಾ ಪಟ್ಟಣದಲ್ಲಿ ಅಂಗಡಿ ಬಯಲು, ಮನೆ ಪಂಜರ. ಅಂಗಡಿಯ ಬಾಗಿಲು ನನ್ನನ್ನು ಕಂಡರೆ ಸಾಕು, ತಾನಾಗಿ ಸರಿದು ನಿಲ್ಲುತ್ತದೆ. ನಮ್ಮ ಅಳಿಯನಿಗೂ ಅಷ್ಟು ಮರ್ಯಾದೆ ಗೊತ್ತಿಲ್ಲ. ಮನೆಗಳಿಗೋ ಬೇಲಿ, ಬಾಗಿಲು, ಒಳಗೆ ಮತ್ತೆ ಬಾಗಿಲು. ಬ್ರೆಡ್ಡನ್ನು ಯಾರು ಬೇಕಾದರೂ ಮುಟ್ಟಿ ನೋಡಬಹುದು. ಗಂಡನನ್ನು ನೋಡಬೇಕಾದರೆ ತಟ್ಟಬೇಕು.

ಸಂಜೆ ಅಳಿಯ ಟಾನಿಯೇಲು ಮಿಲ್ಲಿನಿಂದ ಬಂದವನೇ ಸ್ಕ್ರೂಡ್ರೈವರ್ ಹಿಡಿದ. "ಅತ್ತೆ, ಕಿತ್ತುಬಿಡ್ಲಾ? ಒಂದು ಚಿಲಕ, ನಾಕು ಸ್ಕ್ರೂ."

ಇವರ ಕಿವಿಗೆ ಬಿತ್ತು.

"ಕೀಳಪ್ಪಾ, ಕೀಳು. ಆಮೇಲೆ ಗೋಡೇನೂ ಕೆಡವು. ಊರೋರಿಗೆಲ್ಲ ಟಿಕೆಟ್ ಕಳಿಸಿ ಕರೆಸ್ಕೋ. ಸುತ್ತ ಚಾಪೆ ಹಾಸಿ ಕೂರಿಸು, ನಾನು ಮಧ್ಯೆ ನಿಂತು ಮೈ ತೊಳ್ಕೋತೀನಿ."

ಟಾನಿಯೇಲು ಸೊಂಟ ಬಗ್ಗಿಸಿ, "ಕ್ಷಮಿಸಿ ಮಾವ," ಎನ್ನುತ್ತಾ ಅವರ ಮುಂದಿನಿಂದ ದಾಟಿಹೋದ. ಚಿಲಕ ಉಳಿಯಿತು.

ಜೂನ್ 12

ನಿನ್ನೆಯ ಮಾತು ಇವತ್ತು ಬಿಚ್ಚಿಕೊಂಡಿತು. ಬೆಳಿಗ್ಗೆ, ಹೀಟರಿನ ಮುಂದೆ.

ಇವರು ಊರಸಭೆಯಲ್ಲಿ ಎಲ್ಲರ ಪರವಾಗಿ ಮಾತಾಡುವ ಯಜಮಾನರು. ಹೋದ ವರ್ಷ ಅದೇ ಸಭೆಯಲ್ಲಿ, ಆವಾ ಪಾನದ ಬಟ್ಟಲು ಕೈಗೆ ಬಂದ ಹೊತ್ತಿಗೆ, ಮೊದಲ ಸಲ ಫಿಟ್ಸ್ ಬಂತು. ಗೋಡೆಯಿಲ್ಲದ ಮನೆ. ನೋಡದವರು ಯಾರು?

"ನೋಡಿದ್ದಕ್ಕೇ ಉಳಿದಿರಿ ರೀ," ಎಂದೆ. "ಆಚೆ ದೀವಿಹಲಸು ಕೀಳ್ತಿದ್ದ ಸೆಫೊ ಮರದಿಂದ ಧುಮುಕಿ ಬಂದು ಮಗ್ಗುಲಿಗೆ ಹೊರಳಿಸ್ದ. ಇಲ್ಲಿ ಯಾರಿದಾರೆ ಮರದ ಮೇಲೆ?"

"ಉಳಿದೆ ಕಣೇ, ಇಲ್ಲ ಅಂದ್ನಾ? ಆಮೇಲೆ ಸಭೇಲಿ ನಾನು ಬಾಯಿ ತೆಗೆದ್ರೆ ಯಾರೂ ಮಾತು ಕೇಳ್ತಿರ್ಲಿಲ್ಲ. ಬಾಯಿ ನೋಡ್ತಿದ್ರು. ನೊರೆ ಬರುತ್ತೇನೋ ಅಂತ."

ಅಂಗೈಯನ್ನು ಹೀಟರಿಗೆ ಒಡ್ಡಿ ಇವರೇ ಮುಂದುವರಿಸಿದರು.

"ನಾನು ಹೇಗೆ ಬಿದ್ದೆ ಅನ್ನೋದನ್ನ ಊರೆಲ್ಲ ನೋಡಿದೆ, ನಾನೊಬ್ಬ ನೋಡಿಲ್ಲ. ಈ ವಯಸ್ಸಿಗೆ ಯಾರೂ ನೋಡದ ಒಂದು ಜಾಗ ಸಿಕ್ಕಿದೆ ಲೂಸಿಯಾ. ಕಿತ್ಕೋಬೇಡ."

ಹೀಟರ್ ಗುಂಯ್ ಎನ್ನುತ್ತಿತ್ತು. ಹೆದರಿಕೆ ನನ್ನದು, ಮಾನ ಅವರದು. ಎರಡಕ್ಕೂ ಒಂದೇ ಬಾಗಿಲು.

"ಹಾಗಾದ್ರೆ ಹಾಡಿ," ಎಂದೆ. "ಚಿಲಕ ಹಾಕ್ಕೊಳ್ಳಿ, ಆದ್ರೆ ಒಳಗಿರೋವರೆಗೂ ಹಾಡ್ತಿರ್ಬೇಕು. ಹಾಡು ನಿಂತ್ರೆ ಬಾಗಿಲು ಒಡೆಸ್ತೀನಿ."

"ಹಲ್ಲುಜ್ಜುವಾಗ?"

"ಗುನುಗಿ."

ಜೂನ್ 17

ಒಪ್ಪಂದ ನಡೆಯುತ್ತಿದೆ. ಚರ್ಚಿನ ಹಾಡು, ಚರಣಕ್ಕೆ ಚರಣ. ಒಂದು ಚರಣ ಮುಗಿದು ಇನ್ನೊಂದು ಹತ್ತುವುದರ ನಡುವೆ ನನ್ನ ಉಸಿರೂ ಕಟ್ಟುತ್ತದೆ. ಸಂಗೀತದವರು ಅದನ್ನು ವಿರಾಮ ಎನ್ನುತ್ತಾರೆ. ಆರಾಮವಿಲ್ಲದ ವಿರಾಮ.

ಪಕ್ಕದ ಮನೆಯ ಮುದುಕಿ ಮೌರೀನ್ ಬೇಲಿಯಾಚೆಯಿಂದ ತಲೆಯಷ್ಟೇ ತೋರಿಸಿದಳು.

"ನಿಮ್ಮ ಯಜಮಾನ್ರಿಗೆ ಬೇರೆ ಹಾಡು ಬರಲ್ವಾ?"

"ಬರುತ್ತೆ. ಅದು ಇದಕ್ಕಿಂತ ಉದ್ದ."

"ಬೇಡ ಬಿಡಿ," ಎಂದು ತಲೆ ಇಳಿಸಿದಳು. ಕಿಟಕಿ ಮುಚ್ಚಿದ ಸದ್ದು.

ಕಾರಣ ಹೇಳಲಿಲ್ಲ. ಹೊರಗಿನವರಿಗೆ ಹೇಳುವುದಿಲ್ಲ ಎಂದು ಇವರಿಗೆ ಮಾತು ಕೊಟ್ಟಿದ್ದೇನೆ. ಊರಲ್ಲಾಗಿದ್ದರೆ ಹೇಳುವ ಕೆಲಸವೇ ಇರುತ್ತಿರಲಿಲ್ಲ.

ಜೂನ್ 20, ಸಂಜೆ

 

ಎರಡನೇ ಚರಣದಲ್ಲಿದ್ದರು. ಫೈರ್ ಸ್ಟೇಷನ್ನಿನ ಸೈರನ್ ಕೂಗಿತು. ಹಾಡು ಕತ್ತರಿಸಿದ ಹಾಗೆ ನಿಂತಿತು. ನೀರೂ ನಿಂತಿತು. ರೀ ಎಂದೆ. ಇಲ್ಲ. ಗುದ್ದಿದೆ, ಒದ್ದೆ, ಕಿರುಚಿದೆ — ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಮೌರೀನ್ ಅಂಗಳ ದಾಟಿ ಒಳಗೇ ಬಂದುಬಿಟ್ಟಳು.

ಚಿಲಕ ತೆರೆಯಿತು. ಟವೆಲ್ ಸುತ್ತಿಕೊಂಡು, ಕೆಂಡವಾಗಿ, ಇವರು.

"ಪ್ರಾರ್ಥನೆ ಹೊತ್ತಲ್ಲಿ ಏನೇ ಇದು ಗಲಾಟೆ!"

"ಯಾವ ಪ್ರಾರ್ಥನೆ ರೀ? ಅದು ಫೈರ್ ಸೈರನ್!"

ಊರಲ್ಲಿ ಸಂಜೆ ಶಂಖ ಊದಿದರೆ 'ಸಾ', ಮನೆಮನೆಯ ಪ್ರಾರ್ಥನೆಯ ಹೊತ್ತು. ಇದ್ದವರು ಇದ್ದಲ್ಲೇ ತೆಪ್ಪಗೆ ಕೂರಬೇಕು, ಮತ್ತೊಮ್ಮೆ ಊದುವ ತನಕ. ಸಂಜೆಯ ಕೂಗು ಕಿವಿಗೆ ಬಿದ್ದದ್ದೇ ಇವರು ನಲ್ಲಿ ತಿರುಗಿಸಿ, ತಲೆ ಬಗ್ಗಿಸಿ, ತೊಟ್ಟಿಯ ಅಂಚಿನ ಮೇಲೆ ಕೂತು ಎರಡನೇ ಕೂಗಿಗೆ ಕಾಯುತ್ತಿದ್ದರಂತೆ. ನಿಜ ಹೇಳಬೇಕೆಂದರೆ ಗುದ್ದುವ ಮುಂಚೆ ನಾನೂ ಒಂದು ಗಳಿಗೆ ತಲೆ ಬಗ್ಗಿಸಿದ್ದೆ.

ನಗಬೇಕಾಗಿತ್ತು. ಆದರೆ ಮೌರೀನ್ ನೋಡುತ್ತಾ ನಿಂತಿದ್ದಳು. ಇವರು ಟವೆಲ್ಲನ್ನು ಎದೆಯವರೆಗೆ ಎಳೆದುಕೊಂಡು ಗೋಡೆಗೆ ತಿರುಗಿದರು.

ಆಮೇಲೆ ಒಂದೇ ಮಾತು: "ಇನ್ನೊಂದ್ಸಲ ಹೀಗೆ ಜನ ಸೇರಿಸಿದ್ರೆ ನಾನು ಊರಿಗೆ ಹೊರಟೆ. ಮಾತ್ರೇನೂ ಬೇಡ, ಡಾಕ್ಟರೂ ಬೇಡ. ಸೈರನ್ ಆದ್ರೂ ಸರಿ, ಸಂಜೆ ಕೂಗಿದ್ರೆ ನಾನು ಹಾಡು ನಿಲ್ಸಿ ಪ್ರಾರ್ಥನೆಗೆ ಕೂರೋನೇ, ನೀನು ಸುಮ್ನೆ ಕಾಯಿ. ಕಿರುಚಲ್ಲ ಅಂತ ಮಾತು ಕೊಡು."

ಕೊಟ್ಟೆ.

ಜೂನ್ 22

ಮಾತು ಮುರಿದೆ. ಕೊಟ್ಟ ಎರಡರಲ್ಲಿ ಮೊದಲನೆಯದನ್ನು.

ಬೇಲಿ ಹತ್ತಿರ ಮೌರೀನ್ ಕೇಳಿದಳು: "ಲೂಸಿಯಾ, ಆವತ್ತು ಏನಾಗಿತ್ತು? ನಿಜ ಹೇಳಿ." ಹೇಳಿದೆ. ಫಿಟ್ಸ್, ಚಿಲಕ, ಹಾಡು.

"ಓ," ಎಂದಳು.  ಒಳಗೆ ಹೋದಳು. ಈ ದೇಶದವರ ಬಾಯಿಗೂ ಬಾಗಿಲು ಇರುತ್ತದೆ.

ಜೂನ್ 24

ಇಲ್ಲಿ ಜೂನ್ ಎಂದರೆ ಚಳಿಗಾಲ, ಹುಲ್ಲಿನ ಮೇಲೆ ಹಿಮ ಬೆಳ್ಳಗೆ ಕೂತಿದೆ. ಇಡೀ ಬೀದಿಯ ಕಿಟಕಿಗಳು ಮುಚ್ಚಿವೆ. ಮೌರೀನ್‌ಳ ಅಡುಗೆಮನೆ ಕಿಟಕಿ, ನಮ್ಮ ಬಚ್ಚಲ ಕಡೆಯದು, ಒಂದು ಗೇಣು ತೆರೆದಿದೆ.

ನಿನ್ನೆಯೂ ತೆರೆದಿತ್ತು.

ಜುಲೈ 3, ಸಂಜೆ

ಇಷ್ಟು ದಿನ ಬರೆದಿಲ್ಲ. ಹೆದರಿಕೆ ಸ್ವಲ್ಪ ಮೆತ್ತಗಾಗಿತ್ತು, ಮೆತ್ತಗಾದದ್ದಕ್ಕೇ ಹೆದರಿಕೆ. ಮಗಳು, ಅಳಿಯ ಇಬ್ಬರೂ ಶಿಫ್ಟಿನಲ್ಲಿ. "ನೀವಿಬ್ಬರೇ ಇರ್ತೀರ, ಮುಂಬಾಗಿಲು ಭದ್ರ ಮಾಡ್ಕೋಮ್ಮಾ," ಎಂದು ಹೇಳಿ ಹೋದಳು. ಮಾಡಿದೆ. ನಾನೂ ಈ ದೇಶದವಳಾಗುತ್ತಿದ್ದೇನೆ.

ಇವರು ಒಳಗೆ. ಇವತ್ತು ಗಂಟಲು ಚೆನ್ನಾಗಿದೆ. ಮೂರನೇ ಚರಣ, ಎತ್ತರದ ಸಾಲು...

ಸೈರನ್.

ಹಾಡು ನಿಂತಿತು. ನಿಲ್ಲುತ್ತದೆಂದು ಗೊತ್ತೇ ಇತ್ತು. ಕಿರುಚುವುದಿಲ್ಲ. ಕೈ ಬಾಗಿಲು ಬಡಿಯದಿರಲಿ ಎಂದು ಬರೆಯುತ್ತಿದ್ದೇನೆ.

ಸೈರನ್ ಇಳಿಯಿತು. ಎರಡನೇ ಕೂಗಿಗೆ ಕಾಯುತ್ತಿರಬೇಕು, ಹಟಮಾರಿ... ಎರಡನೆಯದು ಬರುವುದಿಲ್ಲ ಎಂದು ಹೇಳಿದ್ದೆನಲ್ಲ. ಹೇಳಿದ್ದೆ.

ನೀರು ಬೀಳುತ್ತಲೇ ಇದೆ.

ಹೋದ ಸಲ ನಲ್ಲಿ ನಿಲ್ಲಿಸಿದ್ದರು. ತಲೆ ಬಗ್ಗಿಸುವ ಮುಂಚೆ ನಲ್ಲಿ ನಿಲ್ಲಿಸಿದ್ದರು.

ರೀ ಎಂದೆ, ಮೆಲ್ಲಗೆ. ಇನ್ನೊಮ್ಮೆ.

ಹೊರಗೆ ಗೇಟು ಬಡಿಯಿತು. ಯಾರೋ ಓಡಿ ಬರುತ್ತಿದ್ದಾರೆ — ಮೌರೀನ್ — "ಲೂಸಿಯಾ! ಹಾಡು ನಿಂತುಹೋಯ್ತಲ್ಲ! ತೆಗೀರಿ ಬಾಗಿಲು!" — ತಳ್ಳುತ್ತಿದ್ದಾಳೆ, ತೆರೆಯುತ್ತಿಲ್ಲ, ಮುಂಬಾಗಿಲಿನ ಚಿಲಕ ನಾನೇ