ಕೊನೆಯ ತಟ್ಟೆ

ಚಿಂತಾಮಣಿ
19 ಜನವರಿ 2025, ಭಾನುವಾರ

ಪ್ರಿಯ ಮಧು,

ನೀನು, ಪದ್ಮಶ್ರೀ ಇಬ್ಬರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಹೊಸಪೇಟೆಯಲ್ಲಿ ಈಗಾಗಲೇ ಬಿಸಿಲು ಏರಿರಬೇಕು. ಇಲ್ಲಿ ಬೆಳಗಿನ ಚಳಿ ಇನ್ನೂ ಬಿಟ್ಟಿಲ್ಲ.

ನಿನ್ನ ಮೆಸೇಜು ಬಂದು ಹನ್ನೊಂದು ದಿನವಾಯಿತು. ‘ಕ್ಯಾಂಪಲ್ಲಿ ಏನಾಯ್ತು? ಅಮ್ಮ ಹೇಳ್ತಿಲ್ಲ, ಗೌತಮಿನೂ ಹೇಳ್ತಿಲ್ಲ. ನೀನು ಹೇಳು. ಟಿಸಿ ರೆಡಿ ಮಾಡಿಸು.’ ಎರಡು ಸಲ ಫೋನ್ ಮಾಡಲು ಹೋಗಿ ರಿಂಗ್ ಆಗುವ ಮೊದಲೇ ಕತ್ತರಿಸಿದೆ. ಫೋನಿನಲ್ಲಿ ನಾನು ಮೇಷ್ಟರಂತೆ ಮಾತಾಡುತ್ತೇನೆ, ಕೇಳುವವರು ಬಾಯಿ ತೆರೆಯುವ ಮೊದಲೇ ಸಮಜಾಯಿಷಿ ಕೊಟ್ಟು ಮುಗಿಸಿರುತ್ತೇನೆ. ಅದಕ್ಕೇ ಈ ಕಾಗದ. ತಡವಾದದ್ದಕ್ಕೆ ಬೈದುಕೋ.

ನಮ್ಮ ಶಾಲೆಯ ಕ್ಯಾಂಪ್ ನಡೆದದ್ದು ಕೈವಾರ ದಾಟಿದ ಮೇಲೆ ಸಿಗುವ ಬೆಟ್ಟದ ಬುಡದಲ್ಲಿ, ಒಂದು ಹುಣಸೆ ತೋಪಿನಲ್ಲಿ. ನಾಲ್ಕು ದಿನ. ಒಂಬತ್ತನೇ ತರಗತಿಯ ಮೂವತ್ತೆರಡು ಮಕ್ಕಳು, ಎಂಟೆಂಟರ ನಾಲ್ಕು ತಂಡ. ಟೆಂಟ್ ಹಾಕುವುದು, ಹಗ್ಗದ ಗಂಟು, ದಿಕ್ಸೂಚಿ ನೋಡಿ ದಾರಿ ಹಿಡಿಯುವುದು, ಮೂರು ಕಲ್ಲಿಟ್ಟು ಅಡುಗೆ. ಪ್ರತಿ ತಂಡಕ್ಕೂ ಒಬ್ಬ ಲೀಡರ್, ಮಕ್ಕಳೇ ಆರಿಸಿದ್ದು. ನಿನ್ನ ಮಗಳು ಗೌತಮಿಯನ್ನು ಅವಳ ತಂಡದ ಏಳು ಜನರಲ್ಲಿ ಆರು ಜನ ಆರಿಸಿದರು. ಏಳನೆಯವನು ಚಿರಂಜೀವಿ ಎಂಬ ಹುಡುಗ. ‘ಹುಡುಗಿ ಲೀಡರ್ರಾ ಸಾರ್?’ ಎಂದ. ಒಂದು ಗಂಟೆಯೊಳಗೆ ಅವನ ಟೆಂಟು ಅವನ ತಲೆಯ ಮೇಲೇ ಬಿತ್ತು. ಅಲ್ಲಿ ಅರ್ಧ ಅಡಿ ಮಣ್ಣಿನ ಕೆಳಗೆ ಬರೀ ಬಂಡೆ.

‘ಬಂಡೆಗೆ ಗೂಟ ಹೊಡೀತಿದ್ದೀಯಲ್ಲೋ, ಇದೇನು ನಿಮ್ಮ ದ್ರಾಕ್ಷಿ ತೋಟಾನಾ?’ ಎಂದು ನಗುತ್ತಾ ಗೌತಮಿ ಹಗ್ಗಗಳನ್ನು ದಪ್ಪ ಕಲ್ಲುಗಳಿಗೆ ಸುತ್ತಿ ಕಟ್ಟಿದಳು. ನಾನು ಅದನ್ನು ಹೇಳಿಕೊಟ್ಟಿರಲಿಲ್ಲ. ಸಂಜೆಯ ಹೊತ್ತಿಗೆ ಉಳಿದ ಮೂರು ತಂಡದವರೂ ಹಾಗೇ ಕಟ್ಟಿದ್ದರು.

ಮಧು, ನಾನು ಒಂದು ನಿಯಮ ಇಟ್ಟಿದ್ದೆ. ಲೀಡರ್ ಆದವರು ಎಲ್ಲರಿಗಿಂತ ಕೊನೆಗೆ ಉಣ್ಣಬೇಕು. ಅಲ್ಲಿಯವರೆಗೆ ತಂಡದಿಂದ ಸ್ವಲ್ಪ ದೂರ, ಎಲ್ಲರೂ ಕಾಣುವ ಹಾಗೆ ಕೂತು, ಯಾರಿಗೆ ಸಾಲದು, ಯಾರು ಬಿಡುತ್ತಿದ್ದಾರೆ ಎಂದು ನೋಡಬೇಕು. ಕಾಲೇಜಿನಲ್ಲಿದ್ದಾಗ ಎನ್‌ಸಿಸಿ ಕ್ಯಾಂಪಿನಲ್ಲಿ ಒಬ್ಬ ಸುಬೇದಾರರು ಹಾಗೆ ಕೂರುತ್ತಿದ್ದರು. ನನಗೆ ಅದು ಬಹಳ ಹಿಡಿಸಿತ್ತು. ಆ ನಿಯಮ ಹೇಳುವಾಗ ನನ್ನ ದನಿ ನನಗೇ ಚೆನ್ನಾಗಿ ಕೇಳಿಸಿತು.

ಮೂರನೆಯ ದಿನ, ಭಾನುವಾರ ಮಧ್ಯಾಹ್ನ, ನಿನ್ನ ಅಮ್ಮ ಬಂದರು. ಕ್ಯಾಂಪಿಗೆ ಮನೆಯವರು ಬರುವ ಹಾಗಿರಲಿಲ್ಲ. ಆದರೆ ಲಕ್ಷ್ಮಿದೇವಮ್ಮನವರಿಗೆ ಅದನ್ನು ಯಾರು ಹೇಳಬೇಕು? ಮೊಮ್ಮಗಳಿಗೆ ಕಜ್ಜಾಯ ಮಾಡಿಕೊಂಡು ಕೈವಾರದವರೆಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ನಡೆದಿದ್ದರು. ನಾಲ್ಕು ತಂಡಗಳ ಒಲೆಗಳು ಬಂಡೆಗಳ ಮರೆಯಲ್ಲಿ ಬೇರೆಬೇರೆ ಇದ್ದವು. ರಸ್ತೆಯ ಕಡೆಯಿಂದ ಬಂದವರಿಗೆ ಕಾಣುತ್ತಿದ್ದದ್ದು ಗೌತಮಿಯ ತಂಡ ಒಂದೇ.

ಅವರು ಕಂಡದ್ದು ಇಷ್ಟು. ಏಳು ಮಕ್ಕಳು ಸಾಲಾಗಿ ಕೂತು ಉಂಡು ಕೈ ತೊಳೆಯುತ್ತಿದ್ದರು. ಹತ್ತು ಹೆಜ್ಜೆ ಆಚೆ ಒಂದು ಕಲ್ಲಿನ ಮೇಲೆ ಮೊಮ್ಮಗಳು ಖಾಲಿ ತಟ್ಟೆ ಹಿಡಿದು ಒಬ್ಬಳೇ ಕೂತಿದ್ದಳು. ಅವತ್ತಿನ ಅಡುಗೆ ಸರದಿ ಭಾನುಪ್ರಿಯಾಳದು. ಅವಳು ಕೊನೆಯ ಮುದ್ದೆಯನ್ನು ತಂದು, ಕೈ ಸುಡುತ್ತಿದ್ದದ್ದಕ್ಕೆ, ಮೇಲಿನಿಂದಲೇ ತಟ್ಟೆಗೆ ಬೀಳಿಸಿದಳು.

ನಿನ್ನ ಅಮ್ಮ ಕೂಗಾಡಲಿಲ್ಲ. ನೇರವಾಗಿ ಹೋಗಿ ಗೌತಮಿಯ ತಟ್ಟೆ ತೆಗೆದು ಕಲ್ಲಿನ ಮೇಲಿಟ್ಟರು. ‘ಲೇಮ್ಮಾ, ಪೋದಾಂ. ಏಳು, ನಿನ್ ಬಟ್ಟೆ ತಗೋ, ಹೋಗಾಣ’ ಎಂದರು.

‘ಅವ್ವಾ, ನಾನು ಲೀಡರು ಕಣವ್ವಾ. ನಾಳೆ ಬೆಟ್ಟ ಹತ್ತೋವಾಗ ಮ್ಯಾಪು ನನ್ನ ಕೈಲೇ ಇರುತ್ತೆ.’

‘ಮ್ಯಾಪು ಕೈಲಿರ್ಲಿ. ತಟ್ಟೆ ಎಲ್ಲಿತ್ತು?’

ನಾನು ಓಡಿಬಂದು ನಿಯಮವನ್ನು ವಿವರಿಸಿದೆ. ಅವರು ಪೂರ್ತಿ ಕೇಳಿದರು. ಆಮೇಲೆ, ‘ಹಂಗಾದ್ರೆ ನಮ್ಮತ್ತೆ, ನಮ್ಮಾವ, ನಾನು, ನಮ್ಮ ಕೇರಿಯೋರೆಲ್ಲಾ ಲೀಡರ್‌ಗಳೇ ಬಿಡಪ್ಪಾ’ ಎಂದರು. ಭಾನುಪ್ರಿಯಾ ನಕ್ಕಳು. ಅವಳಿಗೆ ಅದು ಅರ್ಥವಾಗಿರಲಿಲ್ಲ.

‘ಬೇರೆ ತಂಡದ ಲೀಡರ್‌ಗಳೂ ಹೀಗೇ ಕೂತಿದ್ದಾರೆ, ಬನ್ನಿ ತೋರಿಸ್ತೀನಿ’ ಎಂದೆ. ಅವರು ಅಲ್ಲಾಡಲಿಲ್ಲ.

‘ಸರಿ. ಇವ್ಳು ಇರ್ಲಿ ಅಂದ್ರೆ ಒಂದು ಮಾಡು. ಇವತ್ತು ರಾತ್ರಿ ಊಟಕ್ಕೆ ಇವಳನ್ನ ಮಧ್ಯದಲ್ಲಿ ಕೂರಿಸಿ, ಮೊದಲು ಇವಳಿಗೆ ಇಕ್ಕಿಸು.’

ಇಲ್ಲಿ ನಾನು ಮಾಡಿದ್ದನ್ನು ಹೇಳಬೇಕು. ‘ಆಗಲಿ ಅಮ್ಮ’ ಎಂದಿದ್ದರೆ ಮುಗಿಯುತ್ತಿತ್ತು. ಒಂದು ತಂಡಕ್ಕೆ ಮಾತ್ರ ನಿಯಮ ಸಡಿಲಿಸಿದರೆ ಉಳಿದವರಿಗೆ ಏನು ಹೇಳಲಿ, ಶಿಸ್ತು ಅಂತ ಒಂದಿರುತ್ತದಲ್ಲ ಎಂದೆ. ನಿನ್ನ ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು.

‘ನಿಂದಾಯ್ತಾ ಊಟ?’

‘ಆಯ್ತಮ್ಮ’ ಎಂದೆ. ಯಾರು ಕೇಳಿದರೂ ಹೇಳುವ ಹಾಗೆ, ಯೋಚಿಸದೆ ಹೇಳಿದ್ದು. ನಿಜವಾಗಿಯೂ ಆಗಿತ್ತು. ಮೇಷ್ಟರುಗಳದು ಹನ್ನೆರಡೂವರೆಗೇ ಆಗುತ್ತಿತ್ತು, ನಮ್ಮ ಟೆಂಟಿನಲ್ಲಿ, ಬೇರೆ.

‘ಇವರಿಗೆಲ್ಲಾ ನೀನಲ್ವೇನಪ್ಪಾ ಲೀಡರು?’

ಅವರು ಅಷ್ಟು ಹೇಳಿ ಹೊರಟರು. ಗೌತಮಿ ಅಳಲಿಲ್ಲ. ಕೊರಳಿನ ಸೀಟಿ ತೆಗೆದು ತಂಡದ ಮೋಹನ್‌ಬಾಬುವಿನ ಕೈಗೆ ಕೊಟ್ಟು, ‘ಎರಡನೇ ಕವಲಲ್ಲಿ ಎಡಕ್ಕೆ ಹೋಗ್ಬೇಕು ಕಣೋ, ಬಲಗಡೆದು ಕುರಿ ದಾರಿ’ ಎಂದು ಹೇಳಿ ಹೋದಳು. ಕಜ್ಜಾಯದ ಡಬ್ಬಿ ಅಲ್ಲೇ ಉಳಿಯಿತು.

ಮಾರನೆಯ ದಿನ ಎಲ್ಲ ತಂಡಗಳೂ ಬೆಟ್ಟ ಹತ್ತಿ ಇಳಿದವು. ಯಾರೂ ದಾರಿ ತಪ್ಪಲಿಲ್ಲ. ಮೇಲೆ ಕೂತಿದ್ದಾಗ ಭಾನುಪ್ರಿಯಾ, ‘ಸಾರ್, ಗೌತಮಿ ಯಾಕೆ ಹೋದ್ಲು?’ ಎಂದಳು. ಅಜ್ಜಿಗೆ ಹುಷಾರಿಲ್ಲ ಎಂದೆ. ‘ಅಜ್ಜಿ ಚೆನ್ನಾಗೇ ನಡ್ಕೊಂಡು ಹೋದ್ರಲ್ಲ ಸಾರ್, ನಿಮಗಿಂತ ಜೋರಾಗಿ’ ಎಂದ ಚಿರಂಜೀವಿ. ಯಾರೂ ನಗಲಿಲ್ಲ. ಅವರಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂದು ಲೆಕ್ಕ ಹಾಕುವುದನ್ನು ನಾನು ಬಿಟ್ಟಿದ್ದೇನೆ.

ಅಂದಿನಿಂದ ಗೌತಮಿ ಶಾಲೆಗೆ ಬಂದಿಲ್ಲ. ಮೊನ್ನೆ ಶುಕ್ರವಾರ ನಿಮ್ಮ ಮನೆಗೆ ಹೋಗಿದ್ದೆ. ನಿನ್ನ ಅಮ್ಮ ಕಾಫಿ ಕೊಟ್ಟರು, ಚೆನ್ನಾಗಿ ಮಾತಾಡಿಸಿದರು, ಕ್ಯಾಂಪಿನ ಸುದ್ದಿ ಎತ್ತಲಿಲ್ಲ. ಗೌತಮಿ ಗೇಟಿನವರೆಗೆ ಬಂದಳು.

‘ಸಾರ್, ಅಲ್ಲಿ ಕೂತಿದ್ದಾಗ ನಂಗೇನೂ ಅನ್ಸಿರ್ಲಿಲ್ಲ. ಖುಷಿಯಾಗೇ ಕೂತಿದ್ದೆ. ವಾಪಸ್ ಬರ್ತಾ ಬಸ್ಸಲ್ಲಿ ಅವ್ವ ಅತ್ರು. ಅವತ್ತಿಂದ ಅನ್ಸುತ್ತೆ.’

‘ಏನಮ್ಮ ಅನ್ಸುತ್ತೆ?’

‘ಯಾರಾದ್ರೂ ಏನಾದ್ರೂ ಕೊಟ್ರೆ ಕೈ ನೋಡ್ತೀನಿ ಸಾರ್. ಎಷ್ಟು ಮೇಲಿದೆ ಅಂತ.’

ನಾನು ಗೇಟು ಎಳೆದುಕೊಂಡು ಬಂದುಬಿಟ್ಟೆ. ಅವಳಿಗೆ ಏನು ಹೇಳಬೇಕೋ ನೀನೇ ಹೇಳು.

ಟಿಸಿಗೆ ಹೆಡ್‌ಮಾಸ್ಟರ್ ಸಹಿ ಆಗಿದೆ, ನನ್ನ ಮೇಜಿನ ಡ್ರಾಯರಿನಲ್ಲಿದೆ. ನೀನು ಹೇಳಿದ ದಿನ ಕಳಿಸುತ್ತೇನೆ. ಮಾರ್ಚ್ ಪರೀಕ್ಷೆಯವರೆಗಾದರೂ ಇರಲಿ ಎಂದು ಆಸೆ. ಕೇಳುವ ಮುಖ ನನಗಿಲ್ಲ, ಆದರೂ ಕೇಳಿದ್ದೇನೆ. ತಂಡದ ಏಳೂ ಮಕ್ಕಳು ನಿಮ್ಮ ಮನೆಗೆ ಹೋಗಿ ಅವಳನ್ನು ಕರೆಯುತ್ತೇವೆ ಎನ್ನುತ್ತಿದ್ದಾರೆ. ನಾನು ಹೂಂ ಅಂದಿಲ್ಲ, ಬೇಡ ಅಂತಲೂ ಅಂದಿಲ್ಲ. ಅದನ್ನು ನಿನ್ನ ಅಮ್ಮನೇ ತೀರ್ಮಾನಿಸಬೇಕು. ಮುಂದಿನ ವರ್ಷದ ಕ್ಯಾಂಪಿನಲ್ಲಿ ಆ ನಿಯಮ ಇರುವುದಿಲ್ಲ. ಇದ್ದರೆ ಮೊದಲು ನನಗೆ ಇರುತ್ತದೆ.

ಗೌತಮಿಗೆ ಒಳ್ಳೆಯದಾಗಲಿ. ಅವಳು ಎಲ್ಲಿ ಓದಿದರೂ ಅವಳ ಮಾತು ಕೇಳಿ ನಾಲ್ಕು ಜನ ದಾರಿ ಹಿಡಿಯುತ್ತಾರೆ. ಪದ್ಮಶ್ರೀಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಬಿ.ಪಿ. ಮಾತ್ರೆ ತಪ್ಪಿಸಬೇಡ.

ನಿನ್ನ,
ವೆಂಕಟರಾಮ

ತಾ.ಕ. ಅಂಟಿಸಿದ ಕವರನ್ನು ಮತ್ತೆ ಬಿಡಿಸಿದ್ದೇನೆ. ಎಸ್ಸೆಸ್ಸೆಲ್ಸಿಗೆ ನಾವಿಬ್ಬರೂ ಮೇಲೂರಿನ ನಮ್ಮ ಮನೆಯಲ್ಲಿ ಓದುತ್ತಿದ್ದೆವಲ್ಲ. ನಾವೆಲ್ಲ ಒಳಗೆ ಉಂಡ ಮೇಲೆ ನಮ್ಮಮ್ಮ ನಿನಗೆ ಹಿತ್ತಲ ಜಗಲಿಯಲ್ಲಿ ಇಕ್ಕುತ್ತಿದ್ದಳು. ಒಂದು ದಿನ ನೀನು ಗಣಿತದ ಪುಸ್ತಕ ಮರೆತು ಬಂದಿದ್ದೆ. ಅದನ್ನು ಕೊಡಲು ನಿನ್ನ ಅಮ್ಮ ನಿಮ್ಮೂರಿಂದ ನಡೆದು ಬಂದಿದ್ದರು. ನೀನು ಖಾಲಿ ತಟ್ಟೆ ಮುಂದಿಟ್ಟುಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತಿದ್ದೆ, ನಿನಗೆ ಕಾಣಲಿಲ್ಲ. ಅವರು ಬೇಲಿಯ ಆಚೆ ನಿಂತು ನಿನ್ನನ್ನು ನೋಡಿದರು. ಆಮೇಲೆ ತೆರೆದ ಬಾಗಿಲಿನಲ್ಲಿ ನನ್ನನ್ನು ನೋಡಿದರು. ಪುಸ್ತಕವನ್ನು ಬೇಲಿಯ ಪಕ್ಕದ ಕಲ್ಲಿನ ಮೇಲಿಟ್ಟು ಹೊರಟುಹೋದರು. ನನ್ನ ತಟ್ಟೆಯಲ್ಲಿ ಇನ್ನೂ ಅರ್ಧ ಮುದ್ದೆ ಇತ್ತು. ಉಂಡೆ. ಪುಸ್ತಕ ಅಲ್ಲಿಗೆ ಹೇಗೆ ಬಂತೋ ಎಂದು ನೀನು ಕೇಳಿದೆ. ಗೊತ್ತಿಲ್ಲ ಎಂದೆ.