ನಾಲ್ಕರಲ್ಲಿ ಒಂದು

ಜಾಲಹಳ್ಳಿ
೭–೮–೧೯೯೬

ಮುದ್ದಿನ ತಂಗಿ ನಿವಿ,

ಇತ್ತ ಎಲ್ಲರೂ ಕ್ಷೇಮ ಅಂತ ಬರೆಯಲು ಹೋದೆ, ಕೈ ಬರಲಿಲ್ಲ. ಫೋನ್ ಮಾಡೋಣವೆಂದರೆ ವೈಟ್‌ಫೀಲ್ಡಿನ ನಿಮ್ಮ ಮನೆಯಲ್ಲಿ ಅದು ಅಜ್ಜಿಯ ಮಂಚದ ಪಕ್ಕದಲ್ಲೇ ಇದೆ. ಸೋದರಮಾವನನ್ನೇ ಮದುವೆಯಾದರೆ ಅಜ್ಜಿಯೇ ಅತ್ತೆ, ಗುಟ್ಟು ಉಳಿಯುವುದುಂಟೇ!

ಮೇಘಾಳಿಗೆ ಈ ತಿಂಗಳ ರಕ್ತ ಹಾಕಿಸಿದಿರಾ? ಮೂರು ವರ್ಷದ ಕೂಸಿನ ಕೈಯಲ್ಲಿ ಸೂಜಿಗೆ ಜಾಗ ಹುಡುಕುತ್ತಾ ನರ್ಸಮ್ಮನೇ ಕಣ್ಣೀರು ಹಾಕಿದಳು ಎಂದಿದ್ದೆಯಲ್ಲ, ಅದನ್ನು ಇನ್ನೂ ಮರೆತಿಲ್ಲ.

ಈ ರಕ್ತದ ಕಾಯಿಲೆ ನಿಮ್ಮ ಮಕ್ಕಳಲ್ಲಿ ನಾಲ್ಕರಲ್ಲಿ ಒಂದಕ್ಕೆ ಬರಬಹುದು ಅಂತ ಡಾಕ್ಟರು ಹೇಳಿದ್ದನ್ನು ಯುಗಾದಿಗೆ ಬಂದಾಗ ನನ್ನ ಮುಂದಿಟ್ಟೆ. ಲೆಕ್ಕದ ಟೀಚರ್ ಅಲ್ಲವೇ ನಾನು! "ಆ ಒಂದು ಆಗೋಯ್ತಲ್ಲೇ, ಇನ್ನು ಮೂರಕ್ಕೆ ಭಯ ಇಲ್ಲ ಬಿಡು" ಅಂದುಬಿಟ್ಟೆ. ನೀನು ನನ್ನನ್ನು ತಬ್ಬಿಕೊಂಡು ಅತ್ತೆ. ಈಗ ನಿನಗೆ ಎರಡೂವರೆ ತಿಂಗಳು. ಹೊಟ್ಟೆಯಲ್ಲಿರುವಾಗಲೇ ಮಾಡುವ ಪರೀಕ್ಷೆಯೂ ಬೇಡ, ಅಕ್ಕ ಲೆಕ್ಕ ಹಾಕಿದ್ದಾಳೆ ಅಂದೆಯಂತೆ.

ನಿನ್ನೆ ನಮ್ಮ ಜೀವಶಾಸ್ತ್ರದ ಸೋಮಪ್ಪ ಮೇಷ್ಟ್ರು ಪಾಠಕ್ಕೆಂದು ಎರಡು ಕವಡೆ ತಂದಿದ್ದರು. ಅಪ್ಪನದೊಂದು, ಅಮ್ಮನದೊಂದು, ಎರಡೂ ಬೋರಲು ಬಿದ್ದರೆ ಮಗುವಿಗೆ ಕಾಯಿಲೆ. ಎಸೆದರು, ಎರಡೂ ಬೋರಲು. ಮತ್ತೆ ಎಸೆದರು. ಮತ್ತೆ ಎರಡೂ ಬೋರಲು! ನಿನಗೆ ಹೇಳಿದ್ದನ್ನು ಅವರಿಗೆ ಹೇಳಿದೆ. "ಏನ್ ಮೇಡಂ ನೀವು, ಕವಡೆಗೆ ಹಿಂದಿನ ಆಟ ನೆನಪಿರುತ್ತಾ?" ಅಂದರು.

ಆರು ವರ್ಷದಿಂದ ಮಕ್ಕಳಿಗೆ ಇದನ್ನೇ ಕಲಿಸುತ್ತಿದ್ದೇನೆ ಕಣೇ. ನಿನ್ನ ಮುಖ ನೋಡಿ ಮರೆತೆ. ಪ್ರತಿ ಬಸಿರೂ ಹೊಸ ಆಟ. ಈ ಮಗುವಿಗೂ ಅದೇ ನಾಲ್ಕರಲ್ಲಿ ಒಂದು. ಮೂರು ಪಾಲು ಒಳ್ಳೆಯದೇ ಇದೆ, ಅದೂ ನಿಜ. ಆದರೆ ತಿಳಿದುಕೋ. ತಿಳಿದ ಮೇಲೆ ನೀವಿಬ್ಬರು ಏನು ಮಾಡಿದರೂ ನಾನು ನಿನ್ನ ಕಡೆ.

ಸೋಮವಾರಕ್ಕೆ ರಜೆ ಹಾಕಿದ್ದೇನೆ. ಒಂಬತ್ತಕ್ಕೆಲ್ಲ ನಿಮ್ಮ ಮನೆಗೆ ಬರುತ್ತೇನೆ, ಆಸ್ಪತ್ರೆಗೆ ಜೊತೆಗೇ ಹೋಗೋಣ.

ತಪ್ಪು ಲೆಕ್ಕದ ನಿನ್ನ ಅಕ್ಕ,
ಸುಮಂಗಲಾ

ತಾ.ಕ.: ವಿಶ್ವನಾಥ ಮಾವನಿಗೆ ಅಜ್ಜಿ ಮೊದಲು ಕೇಳಿದ್ದು ನನ್ನನ್ನು. ಬಿ.ಎಡ್. ಓದಬೇಕೆಂದು ಹಟ ಹಿಡಿದೆನಲ್ಲ, ಅದು ನೆಪ. ರಕ್ತಸಂಬಂಧದಲ್ಲಿ ಮದುವೆಯಾದರೆ ಮಕ್ಕಳಿಗೆ ಏನಾಗಬಹುದೆಂದು ಪಿಯುಸಿಯ ಜೀವಶಾಸ್ತ್ರದ ಪುಸ್ತಕದಲ್ಲಿ ಓದಿ ಹೆದರಿದ್ದೆ. ನೀನು ಹಸೆಮಣೆ ಏರಿದಾಗಲೂ ಬಾಯಿ ಬಿಡಲಿಲ್ಲ. ಸೋಮವಾರ ನನಗೆ ಬಾಗಿಲು ತೆಗೆಯದಿದ್ದರೂ ಸರಿ, ಮಾವನ ಜೊತೆ ಆಸ್ಪತ್ರೆಗೆ ಹೋಗು.